ಹಿಮ ಕರಗಿಸುವ ಹೂವು

ನಮ್ಮ ಕಾಡುಗಳಲ್ಲಿ ಮುತ್ತುಗವು ಎಲೆಯುದುರಿಸಿ ಕೆಂಪಗೆ ಹೂತಾಗ ವಸಂತ ಬಂತೆನ್ನುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಅದೇ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನೆಲದ ಮೇಲೆ ಇನ್ನೂ ಹಿಮವಿರುವುದುಂಟು. ವರ್ಷದ ಮೊದಲ ಕಾಡುಹೂವನ್ನು ಅರಸುವವರು ಆಗಲೇ ತೊರೆಯಂಚಿನ ಜೌಗು ನೆಲಕ್ಕೆ ಹೋಗಿ, ಹಿಮದ ಹಾಸಿನಲ್ಲಿ ದುಂಡನೆಯ ಕುಳಿಗಳನ್ನು ಹುಡುಕುತ್ತಾರೆ.

ಅಂಥ ಕುಳಿಯ ನಡುವೆ, ಗೇಣಿಗೂ ಕಡಿಮೆ ಎತ್ತರದ, ಕಂದುಗೆಂಪು ಮಚ್ಚೆಗಳ ದಪ್ಪ ಹಾಳೆಯೊಂದು ಮುಸುಕು ಹಾಕಿದಂತೆ ನಿಂತಿರುತ್ತದೆ. ಅದರೊಳಗೆ ಗಿಡ್ಡನೆಯ ದಿಂಡು. ದಿಂಡಿನ ಸುತ್ತ ಒತ್ತಾಗಿ ಕೂತ ಸಣ್ಣ ಹೂಗಳು. ಎಲೆಗಳು ಬಿಚ್ಚಿಕೊಳ್ಳುವುದು ಆಮೇಲೆ. ಜಜ್ಜಿದರೆ ದುರ್ವಾಸನೆ ಹೊಮ್ಮುವುದರಿಂದ, ಸ್ಕಂಕ್ ಎಂಬ ನಾರುವ ಪ್ರಾಣಿಯ ಹೆಸರನ್ನು ಸೇರಿಸಿ ಇದನ್ನು ಸ್ಕಂಕ್ ಕ್ಯಾಬೇಜ್ ಎಂದು ಕರೆದಿದ್ದಾರೆ. ಕೋಸಿಗೂ ಇದಕ್ಕೂ ನಂಟಿಲ್ಲ. ಇದು ನಮ್ಮ ಕೆಸುವಿನ, ಸುವರ್ಣಗೆಡ್ಡೆಯ ಕುಟುಂಬಕ್ಕೆ ಸೇರಿದ್ದು. ಹಸಿಯಾಗಿ ಕಚ್ಚಿದವರ ಬಾಯಿ ಉರಿಯದೆ ಬಿಡದು.

ಕುಳಿಯಾದದ್ದು ಹೇಗೆ? ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಹಿಮ ಕರಗಬೇಕಾದರೆ ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದು ಬಿಸಿಲಿನಿಂದಲೇ ಬಂದಿರಬಾರದೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬಿಳಿಯ ಹಿಮವು ಬೆಳಕನ್ನು ಹಿಂದಿರುಗಿಸುತ್ತದೆ, ಕಡುಬಣ್ಣದ ವಸ್ತು ಅದನ್ನು ಹೀರಿ ಬಿಸಿಯಾಗುತ್ತದೆ. ಹಿಮದ ಮೇಲೆ ಬಿದ್ದ ತರಗೆಲೆಯೂ ತನ್ನ ಕೆಳಗೊಂದು ಗುಳಿ ಮಾಡಿಕೊಳ್ಳುವುದುಂಟು. ಆದಕಾರಣ ಕುಳಿಯೊಂದೇ ಸಾಕ್ಷಿಯಾಗಲಾರದು. ಉಷ್ಣಮಾಪಕವನ್ನೇ ಕೇಳಬೇಕು, ಅದೂ ರಾತ್ರಿಯಲ್ಲಿ. ಬಿಸಿಲಿನಿಂದ ಪಡೆದ ಶಾಖವಾದರೆ ಸೂರ್ಯ ಮುಳುಗಿದ ಮೇಲೆ ಆರಿಹೋಗಬೇಕಷ್ಟೆ.

ಆದರೆ ದಿಂಡು ಆರುವುದಿಲ್ಲ. ಸಸ್ಯವಿಜ್ಞಾನಿ ರೋಜರ್ ನಟ್ಸನ್ 1974ರಲ್ಲಿ ಪ್ರಕಟಿಸಿದ ಅಳತೆಗಳಂತೆ, ದಿಂಡಿನ ಉಷ್ಣತೆ ಸುತ್ತಲ ಗಾಳಿಯದಕ್ಕಿಂತ 15ರಿಂದ 35 ಸೆಂಟಿಗ್ರೇಡ್ ಡಿಗ್ರಿಗಳಷ್ಟು ಹೆಚ್ಚಾಗಿರುತ್ತದೆ. ಎರಡು ವಾರವಾದರೂ ಹೀಗೆಯೇ ನಡೆಯುತ್ತದೆ. ಸೌದೆ ಯಾವುದೆಂದರೆ, ನೆಲದೊಳಗಿನ ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟ. ಗಾಳಿಯ ಆಮ್ಲಜನಕದೊಡನೆ ಅದು ದಹಿಸುತ್ತದೆ. ಸಾಮಾನ್ಯವಾಗಿ ಜೀವಕೋಶದ ಕೆಲಸಗಳಿಗೆ ಒದಗಬೇಕಾದ ಶಕ್ತಿ ಇಲ್ಲಿ ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ. ನಮ್ಮನ್ನು ಹೆಚ್ಚು ಬೆರಗುಗೊಳಿಸುವ ಸಂಗತಿ ಬೇರೆಯೇ ಇದೆ. ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ನಿಧಾನವಾಗುವುದು ವಾಡಿಕೆ. ಈ ಹೂವಾದರೋ, ಹೊರಗಿನ ಗಾಳಿ ತಣ್ಣಗಾದಷ್ಟೂ ಒಲೆಯನ್ನು ಜೋರಾಗಿ ಉರಿಸುತ್ತದೆ! ಗಾಳಿ ತುಂಬಿದ ಮೆತ್ತನೆಯ ಹಾಳೆ ಕಂಬಳಿಯಂತೆ ಆ ಶಾಖವನ್ನು ಹಿಡಿದಿಡುತ್ತದೆ. ಹೀಗೆ ಕೋಮಲವಾದ ಹೂಗಳು ಹೆಪ್ಪುಗಟ್ಟದೆ ಉಳಿಯುತ್ತವೆ. ವಾಸನೆಯೂ ದೂರ ಹರಡಿ, ಬೇಗ ಎಚ್ಚೆತ್ತ ನೊಣಗಳನ್ನು ಕರೆತರುತ್ತದೆ.

ಈ ಪರೀಕ್ಷೆಗೆ ಹಿಮವೇ ಬೇಕೆಂದಿಲ್ಲ. ಸುವರ್ಣಗೆಡ್ಡೆಯ ಹೂವೂ ಅರಳುವಾಗ ಬಿಸಿಯಾಗುತ್ತದೆ. ಮುಂಗಾರಿನ ಹೊತ್ತಿಗೆ ಹಿತ್ತಲಿನಲ್ಲಿ ಅದು ಅರಳಿದ ಸಂಜೆ, ಒಂದು ಉಷ್ಣಮಾಪಕದ ಬುರುಡೆಯನ್ನು ದಿಂಡಿಗೆ ತಾಗಿಸಿ, ಇನ್ನೊಂದನ್ನು ಪಕ್ಕದ ಗಾಳಿಯಲ್ಲಿ ತೂಗಬಿಟ್ಟು, ನಡುರಾತ್ರಿಯವರೆಗೆ ಗಂಟೆಗೊಮ್ಮೆ ಎರಡನ್ನೂ ಬರೆದುಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು.