ಹಾಡು ಒಡೆಯುವುದು ಎಲ್ಲಿ? – ‘ಶಬ್ದ’ ಘಟಕಕ್ಕೆ ಒಂದು ಪೂರಕ ಪಾಠ

ತರಗತಿ: 9. ವಿಷಯ: ವಿಜ್ಞಾನ. ಅವಧಿ: ಎರಡು. ಬೋಧನೋಪಕರಣಗಳು: ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಹೆಡ್‌ಫೋನ್, ಹಾರ್ಮೋನಿಯಂ, ಗ್ರಾಫ್ ಹಾಳೆ. ಪೂರ್ವಜ್ಞಾನ: ಪಾರ, ಆವೃತ್ತಿ, ಘನವಸ್ತುಗಳಲ್ಲಿ ಶಬ್ದದ ಪ್ರಸಾರ.

ಬೆಳಗಾವಿಯ ಮಕ್ಕಳಿಗೆ ಹಾರ್ಮೋನಿಯಂ ಪರಿಚಯಿಸಬೇಕಾಗಿಲ್ಲ. ಪಂಡಿತ್ ರಾಮಭಾವು ವಿಜಾಪುರೆ (1917–2010) ದಶಕಗಳ ಕಾಲ ಆ ವಾದ್ಯ ಕಲಿಸಿದ ಊರು ಇದು. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ಇಲ್ಲಿಂದ ದೂರವಿಲ್ಲ. ಆದರೆ ಪಾರ, ಆವೃತ್ತಿ ಎಂಬ ಪದಗಳನ್ನು ಬಾಯಿಪಾಠ ಮಾಡಿದ ಮಕ್ಕಳು ಅವು ಹಾರ್ಮೋನಿಯಂ ಒಳಗೂ ಇವೆ ಎಂದು ನಂಬಲು ತಡಮಾಡುತ್ತಾರೆ. ಅಭ್ಯಾಸ ಬೋಧನೆಗೆ ಹೋಗಿದ್ದ ಖಾನಾಪುರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಈ ಅಂತರವನ್ನು ದಾಟಿಸಿದ್ದು ಇಬ್ಬರು ವಿದ್ಯಾರ್ಥಿನಿಯರ ಯೋಜನಾ ಕಾರ್ಯ. ಅಜ್ಜಿಯೊಬ್ಬರ ಬೀಸುವ ಪದವನ್ನು ಮೊಬೈಲ್‌ನಲ್ಲಿ ಹಿಡಿದು, ಲ್ಯಾಪ್‌ಟಾಪ್‌ಗೆ ಹಾಕಿ, ಅದರ ಮೇಲೆ ತಂಬೂರಿ, ಹಾರ್ಮೋನಿಯಂ, ತಬಲಾಗಳನ್ನು ಒಂದೊಂದು ಟ್ರ್ಯಾಕ್‌ನಲ್ಲಿ ಬೇರೆಬೇರೆಯಾಗಿ ಸೇರಿಸಿದ್ದರು. ನಾಲ್ಕನ್ನೂ ಒಟ್ಟಿಗೆ ನುಡಿಸಿದರೆ ಹಾಡು ಅಲ್ಲಲ್ಲಿ ಗರ್ ಎಂದು ಒಡೆಯುತ್ತಿತ್ತು. ‘ಕಂಪ್ಯೂಟರ್ ಕೆಟ್ಟೈತ್ರೀ ಸರ್’ ಎಂಬುದು ತರಗತಿಯ ಒಮ್ಮತದ ತೀರ್ಪು.

ಆ ತೀರ್ಪನ್ನು ಪರೀಕ್ಷಿಸುವುದೇ ಪಾಠ. ‘ಒಡೆದ ಧ್ವನಿ’ ಒಂದು ರೋಗವಲ್ಲ, ಒಂದು ಲಕ್ಷಣ. ಜ್ವರದ ಹಾಗೆ. ಆದ್ದರಿಂದ ಮೊದಲು ಗುಂಡಿಗಳನ್ನು ಮುಟ್ಟದೆ ಕಿವಿಯಿಂದಲೇ ಪ್ರಶ್ನೆ ಕೇಳಿಸಬೇಕು. ಹೆಡ್‌ಫೋನ್‌ನಲ್ಲಿ ಶುದ್ಧವಾಗಿದ್ದು ಸ್ಪೀಕರ್‌ನಲ್ಲಿ ಮಾತ್ರ ಗರಗರ ಎಂದರೆ ತಪ್ಪು ಸ್ಪೀಕರ್‌ನದು. ಅಲ್ಲಿಗೆ ವಿಷಯ ಮುಗಿಯಿತು. ಹೆಡ್‌ಫೋನ್‌ನಲ್ಲೂ ಒಡೆದರೆ ಅದೇ ಭಾಗವನ್ನು ಮೂರು ಸಲ ನುಡಿಸಬೇಕು. ಪ್ರತಿಸಲವೂ ಬೇರೆಬೇರೆ ಜಾಗದಲ್ಲಿ ಚಟಪಟ ಎಂದರೆ ದೋಷ ಧ್ವನಿಯಲ್ಲಿಲ್ಲ, ಕಂಪ್ಯೂಟರಿನ ವೇಗದಲ್ಲಿದೆ. ಪ್ರತಿಸಲವೂ ಅದೇ ಅಕ್ಷರದ ಮೇಲೆ ಒಡೆದರೆ ಆಗ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಕೇಳಬೇಕು. ಒಂಟಿಯಾಗಿಯೂ ಒಡೆಯುವ ಟ್ರ್ಯಾಕ್ ಹುಟ್ಟುವಾಗಲೇ ಗಾಯಗೊಂಡದ್ದು. ಎಲ್ಲವೂ ಒಂಟಿಯಾಗಿ ಚೆನ್ನಾಗಿದ್ದು ಕೂಡಿದಾಗ ಮಾತ್ರ ಒಡೆದರೆ, ಜಗಳ ಕೂಡಿಕೆಯದ್ದು.

ಕೂಡಿಕೆಯನ್ನು ತೋರಿಸಲು ಗ್ರಾಫ್ ಹಾಳೆಗಿಂತ ಉತ್ತಮ ಉಪಕರಣ ನನಗೆ ಸಿಗಲಿಲ್ಲ. 0, 6, 8, 6, 0, -6, -8, -6 ಎಂಬ ಬಿಂದುಗಳನ್ನು ಗುರುತಿಸಿ ಒಂದು ಅಲೆ ಬರೆಸಿದೆ. ಕಂಪ್ಯೂಟರ್ ಕೂಡ ಅಲೆಯನ್ನು ಹೀಗೆಯೇ ಬಿಂದುಗಳಾಗಿ ಇಡುತ್ತದೆ, ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಬಿಂದುಗಳು, ಪ್ರತಿ ಬಿಂದುವಿನ ಎತ್ತರ -32,768ರಿಂದ 32,767ರೊಳಗೆ. ನಮ್ಮ ಹಾಳೆಯಲ್ಲಿ ಆ ಮಿತಿ 10 ಎಂದುಕೊಳ್ಳೋಣ. ಈಗ ಅಂಥದೇ ಇನ್ನೊಂದು ಅಲೆಯನ್ನು ಕೂಡಿಸಿ ಎಂದೆ. 12, 16, 12 ಬಂತು. 10ರ ಮೇಲೆ ಜಾಗವಿಲ್ಲ, ಏನು ಮಾಡುತ್ತೀರಿ? ಎಲ್ಲರೂ 10, 10, 10 ಎಂದು ಬರೆದು ಗೆರೆ ಎಳೆದರು. ‘ಗುಡ್ಡದ ತಲಿ ಹಾರಿಸಿದಂಗ ಕಾಣಸ್ತದ್ರೀ’ ಎಂದ ಹಿಂದಿನ ಬೆಂಚಿನ ಹುಡುಗನ ಮಾತನ್ನೇ ನಾನು ವ್ಯಾಖ್ಯೆಯಾಗಿ ಕಪ್ಪುಹಲಗೆಯ ಮೇಲೆ ಬರೆದೆ. ಪಠ್ಯಪುಸ್ತಕದ ಭಾಷೆಯಲ್ಲಿ ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ.

ಇಲ್ಲಿ ಒಂದು ಮುಖ್ಯ ಉಪಪ್ರಶ್ನೆ ಬರುತ್ತದೆ, ಬಾರದಿದ್ದರೆ ನಾವೇ ಎತ್ತಬೇಕು: ಹಾಗಾದರೆ ಹಾಡು ಉದ್ದಕ್ಕೂ ಏಕೆ ಒಡೆಯಲಿಲ್ಲ? ಎರಡು ಅಲೆಗಳ ಶೃಂಗಗಳು ಒಂದೇ ಕ್ಷಣಕ್ಕೆ ಬಂದರೆ ಮಾತ್ರ ಮೊತ್ತ ಮಿತಿ ದಾಟುತ್ತದೆ. ಅಲೆ ತಿರುಗುಮುರುಗಾಗಿ ಬಂದರೆ ಮೊತ್ತ ಸೊನ್ನೆಯೂ ಆಗಬಹುದು. ತಬಲಾದ ಸಮ್ ಬೀಳುವಲ್ಲಿ ಹಾಡುವ ದನಿಯೂ ಏರಿದ್ದರೆ ಅಲ್ಲೇ ಒಡಕು. ಮಕ್ಕಳು ಪರದೆಯ ಮೇಲೆ ನೋಡಿದಾಗ ಒಡೆದ ಜಾಗಗಳು ಹೆಚ್ಚಾಗಿ ಸಮ್ ಮೇಲೆಯೇ ಇದ್ದವು.

ತಲೆ ಕತ್ತರಿಸಿದ ಅಲೆ ಕಿವಿಗೆ ಏಕೆ ಕೆಟ್ಟದಾಗಿ ಕೇಳುತ್ತದೆ? ಮೇಲೆ ಕೆಳಗೆ ಸಮನಾಗಿ ಕತ್ತರಿಸಿದಾಗ ಮೂಲ ಆವೃತ್ತಿಯ ಮೂರು ಪಟ್ಟು, ಐದು ಪಟ್ಟು ಆವೃತ್ತಿಗಳು ಹೊಸದಾಗಿ ಹುಟ್ಟುತ್ತವೆ. ಸಾ 240 ಹರ್ಟ್ಸ್ ಆದರೆ 720 ಬರುತ್ತದೆ. ಅದು ಮೇಲಿನ ಸಪ್ತಕದ ಪಂಚಮವೇ, ಅಷ್ಟೇನೂ ತೊಂದರೆಯಿಲ್ಲ. ಆದರೆ 240ರ ಸಾ ಮತ್ತು 270ರ ರಿ ಒಟ್ಟಿಗೆ ಇದ್ದು ಕತ್ತರಿಸಿಕೊಂಡರೆ 210 ಹರ್ಟ್ಸ್ ಕೂಡ ಹುಟ್ಟುತ್ತದೆ: 240ರ ಎರಡರಷ್ಟರಿಂದ 270 ಕಳೆದದ್ದು. ಅದು ಕೆಳಗಿನ ಧೈವತಕ್ಕೂ ಕೋಮಲ ನಿಷಾದಕ್ಕೂ ನಡುವೆ ಬೀಳುತ್ತದೆ. ಹಾರ್ಮೋನಿಯಂನಲ್ಲಿ ಆ ಮನೆಯೇ ಇಲ್ಲ. ಯಾರೂ ನುಡಿಸದ ಸ್ವರ ಹಾಡಿನೊಳಗೆ ಬಂದು ಕೂತಿರುತ್ತದೆ. (ಇದು 9ನೇ ತರಗತಿಗೆ ಹೆಚ್ಚಾಯಿತು ಎಂದು ಮಾರ್ಗದರ್ಶಕ ಶಿಕ್ಷಕರು ಟಿಪ್ಪಣಿ ಬರೆದರು. ಸಂಗೀತ ಕಲಿಯುವ ನಾಲ್ಕು ಮಕ್ಕಳು ಆ ಲೆಕ್ಕವನ್ನು ಬಿಡುವಿನಲ್ಲೂ ಮಾಡುತ್ತಿದ್ದರು, ಹಾಗಾಗಿ ಉಳಿಸಿಕೊಂಡಿದ್ದೇನೆ.)

ಪರಿಹಾರ ಸರಳ: ಪ್ರತಿ ಟ್ರ್ಯಾಕ್‌ನ ಮಟ್ಟ ಇಳಿಸಬೇಕು. ಒಂದೇ ಬಗೆಯ ಎರಡು ಅಲೆ ಕೂಡಿದರೆ ಮಟ್ಟ 6 ಡೆಸಿಬಲ್ ಏರುತ್ತದೆ, ನಾಲ್ಕು ಕೂಡಿದರೆ 12. ನಿಜವಾದ ವಾದ್ಯಗಳು ಅಷ್ಟು ಒಗ್ಗಟ್ಟಾಗಿರುವುದಿಲ್ಲ. ನಾಲ್ಕು ಟ್ರ್ಯಾಕ್‌ಗಳಿಗೆ ಸಾಮಾನ್ಯವಾಗಿ 6ರಿಂದ 12 ಡೆಸಿಬಲ್ ಇಳಿಸಿದರೆ ಸಾಕು. ಕೊನೆಯಲ್ಲಿ ಒಟ್ಟು ಶಬ್ದ ಸಣ್ಣದೆನಿಸಿದರೆ ಸ್ಪೀಕರ್ ಜೋರು ಮಾಡಿಕೊಳ್ಳಬಹುದು. ಈ ಬಗೆಯ ಒಡಕು ಗುಣವಾಗುವಂಥದ್ದು. ಆಡಾಸಿಟಿ ತನ್ನೊಳಗೆ ಸಾಮಾನ್ಯವಾಗಿ 32 ಬಿಟ್ ದಶಮಾಂಶ ಸಂಖ್ಯೆಗಳಲ್ಲಿ ಲೆಕ್ಕ ಇಡುವುದರಿಂದ 16 ಎಂಬ ಮೊತ್ತ 16 ಆಗಿಯೇ ಉಳಿದಿರುತ್ತದೆ. ಹೊರಗೆ ನುಡಿಸುವಾಗ, ಸಾಮಾನ್ಯ ಕಡತವಾಗಿ ಉಳಿಸುವಾಗ ಮಾತ್ರ ತಲೆ ಹೋಗುತ್ತದೆ.

ಧ್ವನಿಮುದ್ರಣದ ಹೊತ್ತಿನಲ್ಲೇ ಕತ್ತರಿಸಿದ ಅಲೆಯ ಕಥೆ ಬೇರೆ. ಅಲ್ಲಿ 16 ಇತ್ತೋ 11 ಇತ್ತೋ ಎಂಬ ದಾಖಲೆಯೇ ಇಲ್ಲ. ತಂತ್ರಾಂಶ ರಿಪೇರಿ ಮಾಡಿದರೂ ಅದು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಮಾಡುವ ಊಹೆ. ಅಜ್ಜಿಯ ಟ್ರ್ಯಾಕ್ ಒಂಟಿಯಾಗಿ ಕೇಳಿದಾಗ ಮೂರು ನುಡಿಗಳಲ್ಲಿ ಹೀಗಾಗಿತ್ತು. ಮೊಬೈಲನ್ನು ಬೀಸುವ ಕಲ್ಲಿಗೆ ಒರಗಿಸಿ ಇಟ್ಟಿದ್ದರಂತೆ. ಕಲ್ಲಿನ ಕಂಪನ ಗಾಳಿಯಲ್ಲಿ ಬರದೆ ನೇರವಾಗಿ ಘನವಸ್ತುವಿನಿಂದಲೇ ಮೈಕ್ ಸೇರಿತ್ತು. ಪಠ್ಯದ ಒಂದು ಪುಟ ಅಲ್ಲಿಯೇ ಪಾಠವಾಯಿತು. ಆ ಅಜ್ಜಿ ಪ್ರತಿಸಲ ಒಂದೇ ನುಡಿಗಳನ್ನು ಹಾಡುವವರಲ್ಲ, ಎಂಬತ್ತು ದಾಟಿದವರು. ಮಕ್ಕಳು ಆ ಮೂರು ನುಡಿಗಳನ್ನು ಕೇಳಿ ಕೇಳಿ ಬರೆದುಕೊಂಡರು. ಎರಡನೆಯದರ ಕೊನೆಯ ಎರಡು ಪದ ಯಾರಿಗೂ ತಿಳಿಯಲಿಲ್ಲ. ಮುಂದಿನ ಭಾನುವಾರ ಮಡಚಿದ ಕಂಬಳಿಯ ಮೇಲೆ ಮೊಬೈಲ್ ಇಟ್ಟು ಮತ್ತೆ ಹಾಡಿಸಿದಾಗ ಅತ್ಯುಚ್ಚ ಮಟ್ಟ -12ರಿಂದ -6 ಡೆಸಿಬಲ್ ನಡುವೆ ನಿಂತಿತು. ನುಡಿಗಳು ಬೇರೆ ಬಂದವು.

ದೂರದ ಹದ ಹಳೆಯ ವಿದ್ಯೆಯೇ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದ ಕಾಲದಲ್ಲಿ ವಿದ್ಯುತ್ ಮೈಕ್ ಇರಲಿಲ್ಲ, ಒಂದು ಕಹಳೆ ಮಾತ್ರ. ಸ್ವರ ಜೋರಾದಾಗ ಹಿಂದೆ ಸರಿಯುವುದು ಅಂದಿನ ಹಾಡುಗಾರರು ಕಲಿಯಬೇಕಾದ ಪಾಠವಾಗಿತ್ತು.

ಉಳಿದೆರಡು ಕಾರಣಗಳಿಗೆ ಹತ್ತು ನಿಮಿಷ ಸಾಕು. ಚಟಪಟ ಶಬ್ದ ಬರುವುದು ಕಂಪ್ಯೂಟರ್ ಮುಂದಿನ ಕಂತಿನ ಬಿಂದುಗಳನ್ನು ಸಮಯಕ್ಕೆ ಒದಗಿಸದಿದ್ದಾಗ. ಖಾನಾಪುರದ ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಉಳಿತಾಯಕ್ಕೆ ಇಳಿದಾಗ ಇದು ಹೆಚ್ಚು. ಬೇರೆ ಕಿಟಕಿಗಳನ್ನು ಮುಚ್ಚಿ, ಬಫರ್ ಹೆಚ್ಚಿಸಬೇಕು. 2,048 ಬಿಂದುಗಳ ಬಫರ್ ಎಂದರೆ ಸುಮಾರು 46 ಮಿಲಿಸೆಕೆಂಡು ತಡ. ಶಬ್ದದ ವೇಗ 343 ಮೀಟರ್ ಎಂದಿಟ್ಟುಕೊಂಡರೆ ಹದಿನಾರು ಮೀಟರ್ ಆಚೆಯಿಂದ ತಬಲಾ ಕೇಳಿದಷ್ಟು. ಕೇಳಲು ಅಡ್ಡಿಯಿಲ್ಲ, ಆದರೆ ಅದರ ಜೊತೆ ತಮ್ಮ ದನಿಯನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತ ಹಾಡುವವರಿಗೆ ಲಯ ತಪ್ಪುತ್ತದೆ. ಇನ್ನು 44,100ರಲ್ಲಿ ಹಿಡಿದದ್ದನ್ನು ತಪ್ಪಾಗಿ 48,000ರಲ್ಲಿ ಓಡಿಸಿದರೆ ಧ್ವನಿ ಒಡೆಯುವುದಿಲ್ಲ, ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಏರಿ ಅವಸರದಲ್ಲಿ ಓಡುತ್ತದೆ. ಮಕ್ಕಳು ನಕ್ಕದ್ದು ಇಲ್ಲಿ ಮಾತ್ರ.

ಮೌಲ್ಯಮಾಪನಕ್ಕೆ ಎರಡು ಚಿತ್ರ ಕೊಟ್ಟೆ: 10ನ್ನು ಮುಟ್ಟುವ ದುಂಡು ತುದಿಯ ಅಲೆ, 4ರಲ್ಲೇ ಚಪ್ಪಟೆಯಾಗಿ ನಿಂತ ಅಲೆ. ಯಾವುದು ಕೆಟ್ಟದ್ದು? ಮೂವತ್ತೊಂಬತ್ತರಲ್ಲಿ ಇಪ್ಪತ್ತೇಳು ಮಕ್ಕಳು ಎರಡನೆಯದನ್ನು ಗುರುತಿಸಿ, ಒಡೆದ ಮೇಲೆ ಮಟ್ಟ ಇಳಿಸಿದ್ದಾರೆ ಎಂದು ಕಾರಣ ಬರೆದರು. ಉಳಿದ ಹನ್ನೆರಡು ಮಂದಿ ಎತ್ತರವನ್ನೇ ನೋಡಿದ್ದರು; ಅವರಿಗೆ ಮೂರನೆಯ ಅವಧಿ ಬೇಕಾಯಿತು, ಅಲ್ಲಿ ಅದೇ ಎರಡು ಅಲೆಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿಸಿದೆ.