ದೇಹದ ಹೊರಗೊಂದು ಯಕೃತ್ತು

ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಇದೆ. ಯಕೃತ್ತು ಸೋತವರಿಗೆ ಅಂತಹ ಯಂತ್ರವೇಕಿಲ್ಲವೆಂದು ಭಕ್ತಾದಿಗಳು ನಮ್ಮನ್ನು ಕೇಳುವುದುಂಟು. ಮೂತ್ರಪಿಂಡದ ಮುಖ್ಯ ಕಾಯಕ ಸೋಸುವುದು. ಅದನ್ನು ತೆಳುವಾದ ಪೊರೆಯೊಂದು ಬಹುಮಟ್ಟಿಗೆ ಮಾಡಬಲ್ಲದು. ಯಕೃತ್ತಾದರೋ ಅಮೋನಿಯಾವನ್ನು ಯೂರಿಯಾ ಆಗಿ ಮಾರ್ಪಡಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಪಿತ್ತರಸವನ್ನೂ ತಯಾರಿಸುತ್ತದೆ. ಸುಶ್ರುತಾಚಾರ್ಯರು ಯಕೃತ್ತು ಮತ್ತು ಪ್ಲೀಹಗಳನ್ನು ರಂಜಕಪಿತ್ತದ ಸ್ಥಾನವೆಂದರು. ಅದು ಜರಡಿಯಲ್ಲ, ಪಾಕಶಾಲೆ. ಅಲ್ಲಿ ದುಡಿಯಲು ಜೀವಕೋಶಗಳೇ ಬೇಕು.

ಆದುದರಿಂದ ವಿಜ್ಞಾನಿಗಳು ಜೀವಕೋಶಗಳನ್ನೇ ಯಂತ್ರದಲ್ಲಿರಿಸಿದರು. ಇದೇ ಬಯೋರಿಯಾಕ್ಟರ್. ಇದರ ಕೊಳವೆಯೊಳಗೆ ಕೂದಲಿನಷ್ಟು ಸಣ್ಣನೆಯ ಪೊಳ್ಳು ಎಳೆಗಳು ಸಾವಿರಾರು ಇರುತ್ತವೆ. ಎಳೆಗಳ ಒಳಗೆ ರೋಗಿಯ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹರಿಯುತ್ತದೆ. ಹೊರಗೆ ಯಕೃತ್ತಿನ ಜೀವಕೋಶಗಳಿರುತ್ತವೆ. ಸೂಕ್ಷ್ಮ ರಂಧ್ರಗಳ ಮೂಲಕ ನಂಜು ಆಚೆ ಹೋಗಿ, ಶುದ್ಧಗೊಂಡ ಪ್ಲಾಸ್ಮಾ ದೇಹಕ್ಕೆ ಮರಳುತ್ತದೆ. ಆದರೆ ಈ ಜೀವಕೋಶಗಳಿಗೆ ಆಮ್ಲಜನಕ ಅಪಾರವಾಗಿ ಬೇಕು. ದೇಹದಿಂದ ಹೊರಬಂದೊಡನೆ ಅವು ಕೆಲವೇ ದಿನಗಳಲ್ಲಿ ತಮ್ಮ ಗುಣವನ್ನು ಕಳೆದುಕೊಳ್ಳತೊಡಗುತ್ತವೆ.

ಲಾಸ್ ಏಂಜಲೀಸ್‌ನ ಡಾ. ಅಕಿಲೀಸ್ ಡಿಮಿಟ್ರಿಯು ಮತ್ತು ಸಂಗಡಿಗರು ಹಂದಿಯ ಯಕೃತ್ತಿನ ಜೀವಕೋಶಗಳನ್ನು ಬಳಸಿ 171 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. 30 ದಿನಗಳ ನಂತರ ಯಂತ್ರದ ನೆರವು ಪಡೆದವರಲ್ಲಿ ಶೇ. 71, ಪಡೆಯದವರಲ್ಲಿ ಶೇ. 62 ಜನ ಬದುಕಿದ್ದರು. ಈ ಅಂತರ ಆಕಸ್ಮಿಕವಲ್ಲವೆಂದು ಒಪ್ಪಲು ಅಷ್ಟು ಸಾಕಾಗಲಿಲ್ಲ. ಮಾನವ ಮೂಲದ ಜೀವಕೋಶಗಳನ್ನು ಬಳಸಿದ ‘ಇಲಾಡ್’ ಯಂತ್ರವೂ 2018ರಲ್ಲಿ ಆಯುಸ್ಸನ್ನು ಹೆಚ್ಚಿಸುವುದೆಂದು ಸಿದ್ಧಪಡಿಸಲಾರದೆ ಹೋಯಿತು.

ಹಾಗಾದರೆ ಈ ಪ್ರಯತ್ನ ವ್ಯರ್ಥವೇ? ಅಲ್ಲ. ಯಕೃತ್ತಿಗೆ ತಾನೇ ಮರಳಿ ಬೆಳೆಯುವ ಶಕ್ತಿಯಿದೆ. ಆದುದರಿಂದಲೇ ಬದುಕಿರುವ ವ್ಯಕ್ತಿಯೂ ಅದರ ಒಂದು ಭಾಗವನ್ನು ದಾನ ಮಾಡಬಲ್ಲನು. ಯಂತ್ರದಿಂದ ಬಯಸುವುದು ಆ ಬೆಳವಣಿಗೆಗೆ, ಇಲ್ಲವೇ ಕಸಿಗೆ ಬೇಕಾದ ಕೆಲವು ದಿನಗಳ ಅವಕಾಶವನ್ನು ಮಾತ್ರ. ಆ ಅವಕಾಶವನ್ನು ಕೊಡುವ ಯಂತ್ರ ಇನ್ನೂ ಸಿದ್ಧವಾಗಿಲ್ಲದಿರುವಾಗ, ಕೈಯಲ್ಲಿರುವ ದಿನಗಳನ್ನು ಕಳೆದುಕೊಳ್ಳದಿರುವುದೇ ನಮ್ಮ ಕರ್ತವ್ಯ.

ಕಾಮಾಲೆಯೆಂದೊಡನೆ ನೆಲನೆಲ್ಲಿಯ ರಸ ಕುಡಿಸಿ ಕಾಯುವುದು ನಮ್ಮ ಕಡೆ ರೂಢಿ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿಯೇ ಶಮನವಾಗುವುದರಿಂದ ಆ ನಂಬಿಕೆ ಬೆಳೆದಿದೆ. ಆದರೆ ಕಾಮಾಲೆಯ ರೋಗಿ ಹಗಲು ಮಂಪರಿನಲ್ಲಿದ್ದು ರಾತ್ರಿ ಎಚ್ಚರವಿದ್ದರೆ, ಅಸಂಬದ್ಧವಾಗಿ ಮಾತನಾಡಿದರೆ, ಒಸಡಿನಲ್ಲಿ ರಕ್ತ ಒಸರಿದರೆ, ವಾಂತಿ ನಿಲ್ಲದಿದ್ದರೆ ಒಂದು ಗಂಟೆಯನ್ನೂ ಕಳೆಯಬಾರದು. ಇಲಿಪಾಷಾಣ ಸೇವಿಸಿದವರು ಮೊದಲ ದಿನ ಆರೋಗ್ಯವಾಗಿಯೇ ಕಾಣಬಹುದು; ಅವರನ್ನೂ ಆಗಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ: ಆ ಹೊತ್ತಿನಲ್ಲಿ ಕಷಾಯ ಬೇಡ, ವಾಹನ ಬೇಕು.

ದಾಸೋಹವನ್ನು ಅರಿತ ಶರಣರಿಗೆ ಇನ್ನೊಂದು ಬಿನ್ನಹ. ಮರಣಾನಂತರದ ಅಂಗದಾನಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯಿದೆ. ಹೆಸರು ನೋಂದಾಯಿಸಿರಿ; ಆ ಸಂಕಲ್ಪವನ್ನು ಮನೆಯವರಿಗೂ ತಿಳಿಸಿರಿ.