ಮಣ್ಣಿಗೂ ಹಸಿವುಂಟು



ಅಕ್ಟೋಬರ್ ಕಳೆದು ನವೆಂಬರ್ ಬಂದಿತೆಂದರೆ ದೆಹಲಿಯ ಆಕಾಶವು ಮಸುಕಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ವಾಹನಗಳ ಹೊಗೆ ಮತ್ತು ಬೀದಿಯ ಧೂಳಿನೊಡನೆ, ಪಂಜಾಬ್ ಹರಿಯಾಣಗಳ ಹೊಲಗಳಲ್ಲಿ ಸುಡುವ ಬತ್ತದ ಹುಲ್ಲಿನ ಹೊಗೆಯೂ ಆಗ ಸೇರಿಕೊಳ್ಳುತ್ತದೆ. ಅದರಿಂದ ನಮ್ಮ ಕಣ್ಣು ಉರಿಯುವುದು ಎಲ್ಲರಿಗೂ ತಿಳಿದ ಸಂಗತಿ. ಹೊಲದ ಮಣ್ಣಿಗೆ ಆಗುವ ನಷ್ಟವನ್ನು ಬಲ್ಲವರು ವಿರಳ.

ರೈತನು ಹುಲ್ಲನ್ನು ಸುಡುವುದೇಕೆ? ಯಂತ್ರದಿಂದ ಕೊಯ್ದಾಗ ಕೂಳೆಯೂ ಹುಲ್ಲೂ ಹೊಲದಲ್ಲಿಯೇ ಉಳಿಯುತ್ತವೆ. ಗೋಧಿಯ ಬಿತ್ತನೆಗೆ ಮೊದಲು ಅವನಿಗೆ ದೊರೆಯುವುದು ಎರಡು ಮೂರು ವಾರಗಳು ಮಾತ್ರ. ಅಂತರ್ಜಲವನ್ನು ಉಳಿಸಲೆಂದು 2009ರಲ್ಲಿ ಪಂಜಾಬಿನಲ್ಲಿ ಬಂದ ಕಾನೂನು ಬತ್ತದ ನಾಟಿಯನ್ನು ಮುಂದಕ್ಕೆ ಹಾಕಿದುದರಿಂದ ಈ ಅವಧಿಯು ಇನ್ನೂ ಕಿರಿದಾಯಿತು. ಅವನನ್ನು ದೂಷಿಸುವ ಮೊದಲು ಈ ಕಷ್ಟವನ್ನು ನಾವು ಅರಿಯಬೇಕು.

ಇನ್ನು ನಷ್ಟದ ಲೆಕ್ಕವನ್ನು ನೋಡೋಣ. ಒಂದು ಟನ್ ಬತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ, 5.5 ಕಿಲೋ ಸಾರಜನಕ ಮತ್ತು 25 ಕಿಲೋ ಪೊಟ್ಯಾಷ್ ಇರುತ್ತವೆ. ಸುಟ್ಟಾಗ ಪೊಟ್ಯಾಷಿನ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿದೀತು. ಆದರೆ ಇಂಗಾಲವು ಬಹುಮಟ್ಟಿಗೆ ಪೂರ್ಣವಾಗಿ, ಸಾರಜನಕದ ಬಹುಭಾಗವೂ ಗಾಳಿಯ ಪಾಲಾಗುತ್ತವೆ.

‘ಗಿಡಗಳು ಇಂಗಾಲವನ್ನು ಗಾಳಿಯಿಂದಲೇ ಪಡೆಯುವುವಲ್ಲವೇ? ಮಣ್ಣಿಗೆ ಅದೇಕೆ ಬೇಕು?’ ಎಂದು ನೀವು ಕೇಳಬಹುದು. ಅದು ಮಣ್ಣಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳ ಆಹಾರ. ಅವು ಹುಲ್ಲನ್ನು ಕೊಳೆಯಿಸಿ, ಕೊನೆಗೆ ಹ್ಯೂಮಸ್ ಎಂಬ ಕಪ್ಪು ಪದಾರ್ಥವನ್ನು ಉಳಿಸುತ್ತವೆ. ಅದು ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ; ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ.

ಆದರೆ ಹುಲ್ಲನ್ನು ಹೊಲಕ್ಕೆ ಮರಳಿಸಿದ ಕೂಡಲೇ ಫಲ ದೊರೆಯದು. ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಹುಲ್ಲಿನ ಇಂಗಾಲದಲ್ಲಿ ಹೆಚ್ಚಿನ ಪಾಲು ಗಾಳಿಗೇ ಹಿಂದಿರುಗುತ್ತದೆ; ಮಣ್ಣಿನಲ್ಲಿ ನೆಲೆ ನಿಲ್ಲುವುದು ಅಲ್ಪಭಾಗ. ಹನಿ ಹನಿಗೂಡಿದರೆ ಹಳ್ಳ ಎಂಬಂತೆ, ವರ್ಷ ವರ್ಷವೂ ಮರಳಿಸುತ್ತಿದ್ದರೆ ಮಾತ್ರ ಸಾವಯವಾಂಶವು ಹೆಚ್ಚುತ್ತದೆ. ಇನ್ನೊಂದು ತೊಡಕೂ ಉಂಟು. ಹುಲ್ಲಿನಲ್ಲಿ ಸಾರಜನಕವು ಕಡಿಮೆಯಾದುದರಿಂದ, ಅದನ್ನು ಕೊಳೆಯಿಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುತ್ತವೆ. ಹುಲ್ಲನ್ನು ಉತ್ತು ಹೂಳಿ ಆ ಕೂಡಲೇ ಬಿತ್ತಿದರೆ ಎಳೆಯ ಪೈರು ಹಳದಿಯಾಗಬಹುದು.

ಇದಕ್ಕೆ ಉಪಾಯಗಳಿಲ್ಲದಿಲ್ಲ. ಲುಧಿಯಾನಾದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯವು ಆಸ್ಟ್ರೇಲಿಯಾದ ತಜ್ಞರೊಡನೆ ರೂಪಿಸಿದ ಹ್ಯಾಪಿ ಸೀಡರ್ ಎಂಬ ಯಂತ್ರವು ಹುಲ್ಲನ್ನು ನೆಲದ ಮೇಲೆ ಹೊದಿಕೆಯಾಗಿ ಹರಡಿ ಗೋಧಿಯನ್ನು ಬಿತ್ತುತ್ತದೆ. ನಮ್ಮ ನಗರದಲ್ಲಿಯೇ ಇರುವ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯು ಹುಲ್ಲನ್ನು ಬೇಗನೆ ಕೊಳೆಯಿಸುವ ಶಿಲೀಂಧ್ರಗಳ ಮಿಶ್ರಣವನ್ನು ಸಿದ್ಧಪಡಿಸಿದೆ. 2020ರಲ್ಲಿ ಅದನ್ನು ದೆಹಲಿಯ ಹೊಲಗಳಲ್ಲಿ ಸಿಂಪಡಿಸಲಾಯಿತು. ಅದಕ್ಕೂ ಸುಮಾರು ಮೂರು ವಾರಗಳು ಬೇಕು. ರೈತನಿಗೆ ದುರ್ಲಭವಾದುದು ಆ ಕಾಲವೇ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನು ಕೇಳಿರಿ. ರಾಗಿಯ ಹುಲ್ಲು ದನದ ಮೇವಾಗಿ, ಸಗಣಿಯು ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಮರಳುವ ಬಗೆಯನ್ನು ಅವರು ಹೇಳುವರು. ಬೆಳೆಯನ್ನು ಪಡೆದವನು ಮಣ್ಣಿಗೆ ಅದರ ಪಾಲನ್ನು ಕೊಡಬೇಕೆಂಬುದೇ ಅದರ ತಿರುಳು.

ಒಂದು ಪ್ರಯೋಗವನ್ನು ನೀವೇ ಮಾಡಿರಿ. ಮರದಡಿಯ ಎಲೆಗೊಬ್ಬರವಿರುವ ಮಣ್ಣಿನ ಒಂದು ಒಣ ಹೆಂಟೆಯನ್ನೂ, ಬರಡು ನೆಲದ ಇನ್ನೊಂದು ಒಣ ಹೆಂಟೆಯನ್ನೂ ಬೇರೆ ಬೇರೆ ಲೋಟಗಳ ನೀರಿನಲ್ಲಿ ಮೆಲ್ಲನೆ ಇಳಿಬಿಡಿರಿ. ಯಾವುದು ಬೇಗ ಕರಗಿ ಕುಸಿಯುವುದೆಂದು ನೋಡಿರಿ. ಹಸಿದ ಮಣ್ಣು ಯಾವುದೆಂಬುದನ್ನು ನೀರೇ ಹೇಳುವುದು.